ಬುಟ್ಟಿಯೊಳಗಿನ ಉಳವಿ ದಾರಿ

ಹಳಿಯಾಳ ಪೇಟೆಯಲ್ಲಿ ಮೋಡಿ ಓದುವವನು ಮಲಕಪ್ಪ ಒಬ್ಬನೇ ಎಂದು ಊರು ಹೇಳುತ್ತಿತ್ತು. ಊರು ಹೇಳಲು ಮರೆತ ದಿನ ಮಲಕಪ್ಪನೇ ಹೇಳುತ್ತಿದ್ದ.

ಈ ಸೀಮೆಯ ಹೊಲಮನೆಗಳ ಹಳೆಯ ಕಾಗದಗಳಲ್ಲಿ ಎಷ್ಟೋ ಮರಾಠಿಯವು, ಅದೂ ಮೋಡಿ ಅಕ್ಷರದವು. ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆಯುತ್ತಾನೆ. ಆಮೇಲೆ ಕೈ ಎತ್ತದೆ ಅದರ ಕೆಳಗೆ ಅಕ್ಷರಗಳನ್ನು ಹೀರೇಬಳ್ಳಿಯಂತೆ ಇಳಿಬಿಡುತ್ತ ಹೋಗುತ್ತಾನೆ. ಒಂದು ಮಾತು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು ಎಂಬುದಕ್ಕೆ ಗುರುತೇ ಇಲ್ಲ. ಮರಾಠಿ ಬಲ್ಲವರಿಗೂ ಅದು ಬರೀ ಇರುವೆ ಸಾಲು.

ಮಲಕಪ್ಪ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಕಟ್ಟಿಗೆ ಡಿಪೋದಲ್ಲಿ ನಾಟಾ ಹೊರುತ್ತಿದ್ದ ವಯಸ್ಸಿನಲ್ಲಿ ಅವನಿಗೆ ಒಂದೇ ಕಾಗದದ ಎರಡು ಪ್ರತಿ ಸಿಕ್ಕವು, ಒಂದು ಮೋಡಿಯದು, ಇನ್ನೊಂದು ಅಚ್ಚಿನ ಮರಾಠಿಯದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಜೋಡಿಸುತ್ತ, ಮೂರು ವರ್ಷದಲ್ಲಿ ತಾನೇ ಕಲಿತ. ಅಂದಿನಿಂದ ಮುಂಡಗೋಡದಿಂದ, ದಾಂಡೇಲಿಯಿಂದ, ಜೊಯಿಡಾದ ಕಾಡಿನಿಂದ ಜನ ಕಾಗದದ ಸುರುಳಿ ಹಿಡಿದು ಅವನ ಕಟ್ಟೆಗೆ ಬರುವಂತಾಯಿತು. ಅವನು ಹೇಳಿದ್ದೇ ಹೇಳಿದ್ದು. ತಿರುಗಿ ಕೇಳಲು ಇನ್ನೊಬ್ಬ ಓದುವವನಿರಲಿಲ್ಲ.

ಅವನ ಎಪ್ಪತ್ನಾಲ್ಕನೇ ವಯಸ್ಸಿಗೆ, ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲದಲ್ಲಿ, ಪೇಟೆಯ ಮಠದ ಪಡಸಾಲೆಗೆ ಒಂದು ಯಂತ್ರ ಬಂತು. ಜೊತೆಗೆ ಬಂದವಳು ಸುಮನ ಎಂಬ ಮೂವತ್ತರ ಹೆಣ್ಣುಮಗಳು. ಮುಂಡಗೋಡ ಕಡೆಯ ತಾಂಡಾದಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಈಗ ಹಳೆಯ ಬರಹಗಳನ್ನು ಕಂಪ್ಯೂಟರಿನ ಗ್ರಂಥಾಲಯಕ್ಕೆ ಏರಿಸುವ ಯೋಜನೆಯಲ್ಲಿದ್ದಳು. ಬರಹ ತಂದವರ ಎದುರಿಗೇ ಹಾಳೆ ಹಾಳೆಯ ಚಿತ್ರ ತೆಗೆದು, ಅಲ್ಲೇ ವಾಪಸು ಕೊಡುತ್ತಿದ್ದಳು. ಬಾಗಿಲಲ್ಲಿ ತೂಗುಹಾಕಿದ ಹಲಗೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದಳು: ಹೆಂಗಸರು ಬರೆದದ್ದು ಇದ್ದರೆ ಮೊದಲು ತನ್ನಿ.

ಮಲಕಪ್ಪ ಆ ಹಲಗೆ ಓದಿ ಮೀಸೆಯಲ್ಲೇ ನಕ್ಕ. ನಕ್ಕರೂ ಮರುದಿನದಿಂದ ಪಡಸಾಲೆಯ ಕಂಬಕ್ಕೊರಗಿ ಕೂತುಬಿಟ್ಟ. ಗಾಜಿನ ಕೆಳಗೆ ಬೆಳಕು ಸರಿಯುವುದನ್ನು ನೋಡುವುದು ಅವನಿಗೆ ಬೇಸರವೇ ಬಾರದ ಆಟ.

"ಬಾಯಾರ, ಮೂರು ದಿನಾ ಆತು. ಹೆಂಗಸರದು ಎಷ್ಟ ಬಂತ್ರಿ?" ಎಂದು ಸುಮನಳನ್ನು ಕೆಣಕಿದ.

"ಎರಡು ಹಾಡಿನ ವಹಿ ಬಂದಾವ್ರಿ ಅಜ್ಜಾರ."

"ನಾ ಐವತ್ತು ವರ್ಷದಾಗ ಸಾವಿರ ಕಾಗದ ಓದೇನಿ. ಒಂದರಾಗೂ ಬಳಿ ಸಪ್ಪಳ ಕೇಳಿಲ್ಲ."

"ನಮ್ಮ ತಾಂಡಾದಾಗ ನಮ್ಮವ್ವಗ ನೂರು ಹಾಡು ಬರ್ತಿದ್ವು. ಬರದಿಡಾಕ ಅಕ್ಷರ ಇರಲಿಲ್ಲ. ಅಕ್ಷರ ಇದ್ದಾಕಿ ಬರದಿಟ್ಟಿದ್ರ ಎಲ್ಲೆರ ಸಿಗಬೇಕಲ್ರಿ?" ಎಂದಳು ಸುಮನ, ಯಂತ್ರದಿಂದ ಕಣ್ಣೆತ್ತದೆ.

ನಾಲ್ಕನೇ ದಿನ ಚಿಗಳ್ಳಿಯಿಂದ ಈರಕ್ಕ ಬಂದಳು. ಐವತ್ತು ದಾಟಿದ ಒಕ್ಕಲುತನದ ಹೆಂಗಸು. ಚೀಲದಿಂದ ಕೆಂಪು ಬಟ್ಟೆ ಸುತ್ತಿದ ಒಂದು ಉದ್ದನೆಯ ವಹಿ, ಕೈಬರಹದ ಹಳೆಯ ಪುಸ್ತಕ, ತೆಗೆದು ಮೇಜಿನ ಮೇಲಿಟ್ಟಳು. ಸುಮನ ಬಿಚ್ಚಿದಳು. ಒಳಗೆಲ್ಲ ಗೆರೆ, ಗೆರೆಯ ಕೆಳಗೆ ಬಳ್ಳಿ. ಅಲ್ಲಲ್ಲಿ ಅಂಚಿನಲ್ಲಿ ಚುಕ್ಕಿ ಇಟ್ಟು ಬರೆದ ರಂಗೋಲಿ.

"ಮೋಡಿ ಅಲ್ಲೇನ್ರಿ? ಅಜ್ಜಾರ, ಬರ್ರಿ ಇಲ್ಲೆ."

ಈರಕ್ಕ ತಲೆಯ ಸೆರಗು ಸರಿಮಾಡಿಕೊಂಡು ಮಲಕಪ್ಪನ ಮುಖವನ್ನೇ ನೋಡಿದಳು. "ಇವರಿಗೆ ಒಮ್ಮೆ ತೋರಿಸಿದ್ವಿರಿ. ನಾ ಸೊಸಿಯಾಗಿ ಬಂದ ವರ್ಷ. ಮೂವತ್ತಾರು ವರ್ಷ ಆತು. ನಮ್ಮತ್ತಿ ಮಾಲವ್ವ ಎರಡು ವಹಿ ತಂದಿದ್ಲು. ಮಲಕಪ್ಪಣ್ಣ, ನೆನಪಾತೇನ್ರಿ?"

ಮಲಕಪ್ಪನಿಗೆ ನೆನಪಾಗಲಿಲ್ಲ.

"ನಮ್ಮ ಮನಿ ಹೆಂಗಸರು ಉಳವಿಗೆ ಹೋಗೂದಿಲ್ಲ," ಎಂದು ಈರಕ್ಕ ಸುಮನಳ ಕಡೆ ತಿರುಗಿದಳು. "ಜಾತ್ರಿಗೆ ಊರಿಗೂರ ಹೋಗ್ತಾರ, ನಾವು ಬುತ್ತಿ ಕಟ್ಟಿಕೊಟ್ಟು ಬಾಗಿಲದಾಗ ನಿಂದರ್ತೇವಿ. ಹಿಂದಕ ಈ ಮನಿ ಸೊಸಿ ಬಸಲಿಂಗವ್ವ ಅನ್ನಾಕಿ ಹೊಂಟಾಗ ಗಾಡಿ ಮುರದು ಎಲ್ಲಾರೂ ಅರ್ಧ ದಾರಿಗೇ ತಿರುಗಿ ಬಂದ್ರಂತ. ನಮ್ಮ ಮನಿ ಹೆಣ್ಣಮಕ್ಕಳು ಬರೂದು ಆ ದೇವರಿಗೆ ಬ್ಯಾಡಾಗೈತಿ ಅಂತ ಅವತ್ತಿಂದ ಈ ಕಟ್ಟು. ವಹಿ ಬರದಾಕಿ ಆಕೀನ. ಅದರಾಗ ಆ ಸುದ್ದಿ ಐತೇನು ನೋಡಿಸೂಣು ಅಂತ ನಮ್ಮತ್ತಿ ಬಂದಿದ್ಲು. ಇವರು ಒಂದು ಹಾಳಿ ನೋಡಿ, 'ಹೆಂಗಸರು ಮೋಡಿ ಬರೀತಾರೇನು ಹುಚ್ಚಿ? ಇದು ಯಾರೋ ಕೈ ತಿದ್ದಿದ್ದು. ಅರ್ಥ ಇಲ್ಲ, ಪುರಾಣ ಇಲ್ಲ. ಒಲಿಗೆ ಹಾಕು' ಅಂದ್ರು."

ಪಡಸಾಲೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಮಲಕಪ್ಪನ ಕಿವಿ ಬಿಸಿಯಾದವು. ಕನ್ನಡಕ ಒರೆಸಿ ವಹಿ ಎಳೆದುಕೊಂಡ. ಅಕ್ಷರ ಎಲ್ಲವೂ ಗುರುತು ಸಿಗುತ್ತಿದ್ದವು, ಕೈಯೂ ಪಳಗಿದ ಕೈ. ಆದರೆ ಒಂದು ಸಾಲು ಓದಿದ, ಎರಡು ಸಾಲು ಓದಿದ, ಮರಾಠಿಯ ಒಂದು ಮಾತೂ ಕಟ್ಟಲಿಲ್ಲ. ಮೂವತ್ತಾರು ವರ್ಷದ ಹಿಂದಿನ ಮಾತೇ ಮತ್ತೆ ನಾಲಗೆಯ ತುದಿಗೆ ಬಂದು ಕೂತಿತು.

"ಅವತ್ತ ಸುಳ್ಳು ಹೇಳಿಲ್ಲ ತಂಗಿ. ಇದರಾಗ ಖರೇನ ಅರ್ಥ ಇಲ್ಲ."

"ಅರ್ಥ ಬಿಡ್ರಿ," ಎಂದಳು ಸುಮನ. "ನನಗ ಮರಾಠಿ ಅಷ್ಟಕ್ಕಷ್ಟ. ಅಲ್ಲಿದ್ದ ಅಕ್ಷರ ಇದ್ದಂಗ ಬಾಯಿಬಿಟ್ಟು ಹೇಳ್ರಿ. ಬರಕೊಂತೇನಿ."

ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಮಲಕಪ್ಪ ಸುರು ಮಾಡಿದ. "ಮು... ನ... ಜಾ... ನ... ಯೆ... ತ... ಹು... ಡಿ... ದ... ರ..."

"ಎತ್ತ ಹೂಡಿದ್ರ!" ಈರಕ್ಕ ಮೇಜಿಗೆ ಎರಡೂ ಕೈ ಊರಿದಳು. "ಮುಂಜಾನೆ ಎತ್ತ ಹೂಡಿದ್ರಂತ! ಗಾಡಿ ಹೂಡಿದ್ದು ಹೇಳ್ಯಾಳ್ರಿ. ಓದ್ರಿ, ಓದ್ರಿ!"

ಮಲಕಪ್ಪ ಓದುವುದನ್ನು ನಿಲ್ಲಿಸಿ ಹಾಳೆಯನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದ. ಮತ್ತೆ ಹತ್ತಿರ ತಂದ. ಅಕ್ಷರ ಮೋಡಿ, ಮಾತು ಕನ್ನಡ. ಅವನ ಐವತ್ತು ವರ್ಷದ ಓದಿನಲ್ಲಿ ಮೋಡಿ ಎಂದರೆ ಮರಾಠಿ. ಬಾಗಿಲು ನೋಡಿದ ಕೂಡಲೇ ಒಳಗೆ ಯಾರಿದ್ದಾರೆ ಎಂದು ತಾನೇ ಹೇಳಿಬಿಟ್ಟಿದ್ದ. ಬಾಗಿಲು ತಟ್ಟಿ ನೋಡಿರಲಿಲ್ಲ. ಕನ್ನಡ ಬಲ್ಲವರಿಗೆ ಅಕ್ಷರ ಬರಲಿಲ್ಲ, ಅಕ್ಷರ ಬಲ್ಲ ಇವನು ಮರಾಠಿ ಹುಡುಕಿದ. ನಡುವೆ ಬಸಲಿಂಗವ್ವ ನೂರು ವರ್ಷ ಬಾಯಿ ಮುಚ್ಚಿ ಕೂತಿದ್ದಳು.

ಅಂದಿನಿಂದ ಆರು ದಿನ ಓದು ನಡೆಯಿತು. ಈರಕ್ಕ ಪೇಟೆಯಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದಳು. ಮಲಕಪ್ಪ ಅಕ್ಷರ ಹೇಳುವುದು, ಈರಕ್ಕ ಕೇಳಿ ಮಾತು ಕಟ್ಟುವುದು, ಸುಮನ ಬರೆದುಕೊಳ್ಳುವುದು. ಕರೆಂಟು ಹೋದಾಗ ಯಂತ್ರ ನಿಲ್ಲುತ್ತಿತ್ತು, ಓದು ನಿಲ್ಲುತ್ತಿರಲಿಲ್ಲ. ಹಳೆಯ ಅಡಿಗೆಯ ಮಾತು, ಕೂಸಿನ ಔಷಧದ ಮಾತು ಬಂದಾಗ ಮಲಕಪ್ಪ ತಡವರಿಸುತ್ತಿದ್ದ.

"ಇದೇನ ಇದು, 'ಬಜಿ ತೇದು ನಾಲಿಗಿಗೆ'?"

"ಬಜಿ ಬೇರ್ರಿ. ಹಸುಗೂಸಿಗೆ ತೇದು ನೆಕ್ಕಸ್ತಾರ. ನಿಮಗೂ ನೆಕ್ಕಿಸಿರತಾರ. ಅದಕ್ಕ ಇಷ್ಟ ಮಾತಾಡ್ತೀರಿ."

ಎರಡನೇ ದಿನ ಒಂದು ಹಾಳೆ ಬಂತು. ಅದನ್ನು ಓದುವಾಗ ಮಲಕಪ್ಪನ ದನಿ ತಾನಾಗಿ ತಗ್ಗಿತು. 'ನಮ್ಮಪ್ಪನ ಹಳಿಯಾಳದ ಅಂಗಡಿಯಲ್ಲಿ ಬರೆಯುವವನ ಬೆನ್ನ ಹಿಂದೆ ಕೂತು ಈ ಅಕ್ಷರ ಕದ್ದೆ. ಕನ್ನಡ ಸಾಲಿಗೆ ನನ್ನನ್ನು ಕಳಿಸಲಿಲ್ಲ. ಅದಕ್ಕೆ ನನ್ನ ಮಾತಿಗೆ ಗಂಡಸರ ಅಂಗಿ ತೊಡಿಸಿದೆ. ಚಿಗಳ್ಳಿಯಲ್ಲಿ ಇದನ್ನು ಓದುವವರಿಲ್ಲ. ಒಳ್ಳೆಯದೇ ಆಯಿತು.'

ಮಲಕಪ್ಪ ಕನ್ನಡಕ ತೆಗೆದ. ಬೆನ್ನ ಹಿಂದೆ ಕೂತು ಕದ್ದವಳು. ಅವನು ಎರಡು ಕಾಗದದ ನಡುವೆ ಕೂತು ಕದ್ದಿದ್ದ. ಈ ಪೇಟೆಯಲ್ಲಿ ತಾನಾಗಿ ಕಲಿತವನು ತಾನೊಬ್ಬನೇ ಎಂದು ಇಷ್ಟು ವರ್ಷ ಎದೆ ಉಬ್ಬಿಸಿ ತಿರುಗಿದ್ದನಲ್ಲ! ತನಗಿಂತ ಮೊದಲು, ಇದೇ ಪೇಟೆಯಲ್ಲಿ, ಬಳೆ ತೊಟ್ಟವಳೊಬ್ಬಳು ಅದನ್ನು ಮಾಡಿ ಮುಗಿಸಿ, ಯಾರಿಗೂ ಹೇಳದೆ ಹೋಗಿದ್ದಳು.

ಗಾಡಿಗಳು ಹಾಳೆಯಿಂದ ಹಾಳೆಗೆ ಸಾಗಿದವು. ಆರನೇ ದಿನ ಮಧ್ಯಾಹ್ನ ದಾಂಡೇಲಿಯ ಹತ್ತಿರ ಕಾಳಿ ಹೊಳೆಯ ದಂಡೆಗೆ ಬಂದು ನಿಂತವು. ನಡುವಿನ ಗಾಡಿಯ ಅಚ್ಚು ಮುರಿದಿತ್ತು. ಗಂಡಸರು ಕೂತು ಮಾತಾಡಿ, ಹೆಂಗಸರನ್ನು ಕರೆದುಕೊಂಡು ತಿರುಗಿ ಹೋಗುವುದೆಂದು ಗೊತ್ತುಮಾಡಿದರು. ಮಲಕಪ್ಪ ಕೊನೆಯ ಸಾಲಿಗೆ ಬೆರಳಿಟ್ಟು ಓದಿದ: 'ಹೊಳೆಯ ಆಚೆಗೆ ಕಟ್ಟಿಗೆ ಹೊತ್ತ ಕೊಂಕಣಿ ಹೆಂಗಸರು ಕಾಡಿನ ದಾರಿ ಹಿಡಿದಿದ್ದರು. ಎಲ್ಲರೂ ಎತ್ತುಗಳಿಗೆ ನೀರು ಕುಡಿಸಲು ಹೋದಾಗ ನಾನು ಗಾಡಿಯಿಂದ ಇಳಿದೆ.'

ಮಲಕಪ್ಪ ಹಾಳೆ ತಿರುವಿದ. ಅಲ್ಲಿ ರಟ್ಟು. ಅಷ್ಟೇ.

"ಮುಂದ?" ಎಂದ.

ಈರಕ್ಕ ಕೆಂಪು ಬಟ್ಟೆಯನ್ನು ಮಡಚತೊಡಗಿದಳು.

"ಇಳದಾಕಿ ಎಲ್ಲಿ ಹ್ವಾದ್ಲು ತಂಗಿ? ಇನ್ನೊಂದು ವಹಿ ಎಲ್ಲೈತಿ?"

"ಇನ್ನೊಂದು ವಹಿ ನಮ್ಮತ್ತಿ ನೀರಾಗ ನೆನಿಹಾಕಿದ್ಲು," ಎಂದಳು ಈರಕ್ಕ. "ಅರ್ಥಿಲ್ಲದ ಕಾಗದ ಅಂದ್ರಲ್ಲ ನೀವು. ಕಾಗದದ ಬುಟ್ಟಿ ಮಾಡಿದ್ಲು. ರಂಗೋಲಿ ಇತ್ತಂತ ನಾ ಇದೊಂದು ವಹಿ ಬೇಡಿ ಇಸಗೊಂಡು ಮುಚ್ಚಿಟ್ಟೆ."

ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಬಳಿದು ಒಣಗಿಸುವ ಬುಟ್ಟಿ ಯಾರಿಗೆ ಗೊತ್ತಿಲ್ಲ? ಮಲಕಪ್ಪನ ತಾಯಿಯೂ ಮಾಡುತ್ತಿದ್ದಳು. ಅವಳು ಕಾಗದ ರುಬ್ಬುತ್ತಿದ್ದ ಒರಳು ಅವನ ಕಣ್ಣ ಮುಂದೆ ಬಂತು. ಒಂದು ಹಾಳೆ ನೋಡಿ ಎಸೆದ ಮಾತು. ಇನ್ನೆರಡು ಸಾಲು ಬಾಯಿಬಿಟ್ಟು ಓದಿದ್ದರೆ ಮಾಲವ್ವನೇ ಅವತ್ತು ಮಾತು ಹಿಡಿಯುತ್ತಿದ್ದಳು.

"ಬುಟ್ಟಿ ಅದಾವೇನು?"

"ಎರಡು ಮಾಡಿದ್ಲು. ಒಂದು ಗೆದ್ದಲ ತಿಂದ್ವು. ಒಂದರಾಗ ಹೆಸರುಕಾಳು ಇಟ್ಟೇನಿ."

"ಹೋಗೂಣು ನಡೀರಿ," ಎಂದು ಮಲಕಪ್ಪ ಎದ್ದೇಬಿಟ್ಟ.

"ಅಜ್ಜಾರ, ರುಬ್ಬಿದ್ದರಾಗ ಏನ ಸಿಗತೈತ್ರಿ?" ಎಂದಳು ಸುಮನ. ಅಂದರೂ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕ್ಯಾಮರಾ ಹೆಗಲಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟು, ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಚಿಗಳ್ಳಿ ಮುಟ್ಟಿದರು. ಈರಕ್ಕನ ಗಂಡ ಚನಬಸಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ವಾರದಿಂದ ತಾನೇ ರೊಟ್ಟಿ ಬಡಿದುಕೊಂಡ ಸಿಟ್ಟು ಅವನ ಮೂಗಿನ ಮೇಲೇ ಇತ್ತು.

"ಬುಟ್ಟಿ ಓದಾಕ ಹಳಿಯಾಳದಿಂದ ಬಂದ್ರ್ಯಾ? ಮುಂದಿನ ವಾರ ಬರ್ರಿ, ಒನಕಿ ಓದೀರಂತ."

ಈರಕ್ಕ ಒಳಗೆ ಹೋಗಿ ಬುಟ್ಟಿಯಲ್ಲಿದ್ದ ಹೆಸರುಕಾಳನ್ನು ಮೊರಕ್ಕೆ ಸುರಿದು, ಬುಟ್ಟಿಯನ್ನು ಹೊರಗೆ ಬಿಸಿಲಿಗೆ ತಂದಳು. ಹೊರಮೈ ಬರೀ ಬೂದುಬಣ್ಣದ ರೊಟ್ಟಿ, ಅದರಲ್ಲಿ ಅಕ್ಷರದ ಸುಳಿವಿಲ್ಲ. ಮಲಕಪ್ಪ ಬೆರಳಿನಿಂದ ಸವರಿ, ಕೈಬಿಟ್ಟು, ಒಂದು ಉಸಿರು ಬಿಟ್ಟ. ಆಮೇಲೆ ಒಳಗೆ ಬಗ್ಗಿ ನೋಡಿದ.

ಒಳಮೈ ಒರಟಾಗಿದ್ದರೆ ಕಾಳು ಸಿಕ್ಕಿಕೊಳ್ಳುತ್ತವೆ ಎಂದು ಮಾಲವ್ವ ಕೊನೆಗೆ ರುಬ್ಬದ ಹಾಳೆಗಳನ್ನು ಇದ್ದ ಹಾಗೇ ಮೆಂತ್ಯದ ಅಂಟು ಬಳಿದು ಹಚ್ಚಿದ್ದಳು. ಮೂವತ್ತಾರು ವರ್ಷದ ಕಾಳಿನ ಧೂಳಿನ ಕೆಳಗೆ ಗೆರೆ ಇತ್ತು. ಗೆರೆಯ ಕೆಳಗೆ ಬಳ್ಳಿ ಇತ್ತು.

"ಬಾಯಾರ!" ಎಂದು ಅವನು ಬುಟ್ಟಿಯೊಳಗಿನಿಂದಲೇ ಕೂಗಿದ.

"ತಲಿ ಹೊರಗ ತಗೀರಿ ಮೊದಲ. ಸಿಕ್ಕೊಂಡ್ರ ಬುಟ್ಟಿ ಹರೀಬೇಕಾಕ್ಕೈತಿ," ಎಂದಳು ಈರಕ್ಕ.

ಒದ್ದೆ ಮಾಡಿದ ಅರಿವೆಯನ್ನು ಹಿಂಡಿ, ಧೂಳನ್ನು ಒತ್ತಿ ಒತ್ತಿ ತೆಗೆದರು. ಸುಮನ ಮೊದಲು ಚಿತ್ರ ತೆಗೆದಳು, ಬುಟ್ಟಿಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ಇಪ್ಪತ್ತೇಳು ಚಿತ್ರ. ಹಾಳೆಗಳು ಒಟ್ಟು ಒಂಬತ್ತು. ಒಂದು ಮೈ ಕಾಣುತ್ತಿತ್ತು, ಇನ್ನೊಂದು ಮೈ ಬುಟ್ಟಿಗೆ ಅಂಟಿಹೋಗಿತ್ತು. ಕೆಲವು ಅಡ್ಡ, ಕೆಲವು ತಲೆಕೆಳಗು. ಮಲಕಪ್ಪ ಅಂಗಳದಲ್ಲಿ ಕೂತು, ಬುಟ್ಟಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಸಿಕ್ಕಷ್ಟು ಓದಿದ. ಚನಬಸಪ್ಪನ ಕೈಯಲ್ಲಿ ಹಗ್ಗ ನಿಂತಿತ್ತು.

ಮೊದಲನೆಯದು ಒಂದು ಸೊಪ್ಪಿನ ಪಲ್ಯದ್ದು. ಎರಡನೆಯದರಲ್ಲಿ ಮಸಿ ಹರಡಿ ಏನೂ ಕಾಣದು. ಮೂರನೆಯದರಲ್ಲಿ ಅರ್ಧ ಸಾಲು: 'ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಗಂಜಿ ಕೊಟ್ಟರು. ಒಬ್ಬಳು ತನ್ನ ಕಂಬಳಿ...' ಅಲ್ಲಿಗೆ ಹರಿದಿತ್ತು.

"ಹ್ವಾದ್ಲು," ಎಂದಳು ಈರಕ್ಕ ಮೆಲ್ಲಗೆ. "ಅವರ ಕೂಡ ಹ್ವಾದ್ಲು. ಆದ್ರ ಮುಟ್ಟಿದ್ಲೇನು?"

ನಾಲ್ಕು, ಐದು, ಆರು. ಆಕಳ ಕರುವಿನ ಸುದ್ದಿ, ಯಾರದೋ ಬಾಣಂತನ. ಮಲಕಪ್ಪನ ಕುತ್ತಿಗೆ ನೋಯುತ್ತಿತ್ತು. ಏಳನೆಯ ಹಾಳೆ ತಳದಲ್ಲಿ ತಲೆಕೆಳಗಾಗಿ ಅಂಟಿತ್ತು. ಬುಟ್ಟಿ ತಿರುಗಿಸಿ ಹಿಡಿದು ಅಕ್ಷರ ಹೇಳತೊಡಗಿದ. "ವು... ಳ... ವಿ... ಗ... ಬ... ನ... ದೆ..."

ಯಾರೂ ಮಾತು ಕಟ್ಟಿಕೊಡುವ ಅಗತ್ಯ ಬೀಳಲಿಲ್ಲ.

'ಉಳವಿಗೆ ಬಂದೆ. ಕಾಲು ಬಾತಿದ್ದವು. ಗುಡಿಯ ಮುಂದೆ ಕೂತು ಒಂದು ಹೊತ್ತು ಅತ್ತೆ, ಒಂದು ಹೊತ್ತು ನಕ್ಕೆ. ಯಾರೂ ಬೇಡ ಅನ್ನಲಿಲ್ಲ. ಮನೆಗೆ ತಿರುಗಿ ಹೋದ ಮೇಲೆ ಗಂಡಸರು ಇದನ್ನು ಬಾಯಿಬಿಡಬಾರದು ಎಂದು ಆಣೆ ಹಾಕಿಸಿದರು. ಬರೆಯಬಾರದು ಎಂದು ಯಾರೂ ಹೇಳಲಿಲ್ಲ.'

ಈರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. "ಕೇಳಿದ್ರ್ಯಾ? ಹೋಗಿ ಬಂದಾಕೀನ ಹೋಗೇ ಇಲ್ಲ ಅನ್ನಿಸಿ ಕುಂದ್ರಿಸಿದ್ರು. ಆಕಿ ಹಿಂದ ನಮ್ಮತ್ತಿ, ನಮ್ಮತ್ತಿ ಹಿಂದ ನಾನು."

ಚನಬಸಪ್ಪ ಹಗ್ಗದ ಎಳೆ ಬಿಚ್ಚಿದ, ಮತ್ತೆ ಹೊಸೆದ. "ನಮ್ಮಪ್ಪ ಹೇಳಿದ್ದು ನಾ ಹೇಳೇನಿ. ಕಾಳಿನ ಬುಡಕ ಹಿಂಗೈತಿ ಅಂತ ನನಗೇನ ಗೊತ್ತು?"

"ಈಗ ಗೊತ್ತಾತಲ್ಲ?"

"ಆತು. ಎಂದ ಹೊಂಡ್ತಿ ಹೇಳು. ರೊಟ್ಟಿ ಮಾತ್ರ ಬಡದಿಟ್ಟು ಹೋಗ."

"ನೀವೂ ಬರ್ರಿ. ರೊಟ್ಟಿ ಕಟ್ಟಿಕೊಂಡ ಹೋಗೂಣು."

ಸುಮನ ತನ್ನ ಫಾರಮು ತೆಗೆದಳು. ಬರೆದವರು: ಬಸಲಿಂಗವ್ವ. ಲಿಪಿ: ಮೋಡಿ. ಭಾಷೆ: ಕನ್ನಡ. ಆಮೇಲೆ ಒಂದು ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು. ಎರಡನೇ ಸಂಪುಟ ಹಾಳಾದ ಕಾರಣ ಬರೆಯುವ ಜಾಗ ಅದು. "ತಿಳಿಯದು ಅಂತ ಬರೀತೇನ್ರಿ," ಎಂದಳು.

"ತಿಳಿಯದ ಏನು?" ಮಲಕಪ್ಪನಿಗೆ ಸಿಟ್ಟು ಬಂತು. "ಹಳಿಯಾಳದ ಮಲಕಪ್ಪ ಒಂದು ಹಾಳಿ ನೋಡಿ ಅರ್ಥ ಇಲ್ಲ ಅಂದದ್ದಕ್ಕ ಅಂತ ಬರೀರಿ. ನಾಳೆ ಯಾವನರ ಶಾಣ್ಯಾ ಇದನ್ನ ನೋಡಿದ್ರ ಅವಗೂ ತಿಳೀಲಿ."

"ಅಜ್ಜಾರ, ಇದು ಎಲ್ಲಾರೂ ಓದೂವಂಥಾದ್ರಿ."

"ಅದಕ್ಕ ಬರೀರಿ ಅಂದೆ."

ಸುಮನ ಬರೆದಳು. ಕೆಳಗೆ, ಓದಿದವರು ಎಂಬಲ್ಲಿ ಮಲಕಪ್ಪನ ಹೆಸರು ಬರೆದಾಗ ಅವನು ಪೆನ್ನಿನ ಮೇಲೆ ಬೆರಳಿಟ್ಟ. "ಈಕಿ ಹೆಸರು ಮೊದಲ ಹಾಕ್ರಿ. ನಂದು ಕಣ್ಣಷ್ಟ, ಓದಿದಾಕಿ ಈಕಿ."

"ನನಗ ಒಂದಕ್ಷರ ಬರೂದಿಲ್ರೀ ಯಣ್ಣಾ," ಎಂದು ಈರಕ್ಕ ನಾಚಿದಳು.

"ನನಗ ಎಲ್ಲಾ ಬರ್ತಿದ್ವು. ಏನಾತು ನೋಡಿದ್ಯಲ್ಲ."

ಹದಿನೈದು ದಿನಕ್ಕೆ ಜೊಯಿಡಾದ ಮೇಲೆ ಉಳವಿಗೆ ಹೋಗುವ ಬಸ್ಸಿನಲ್ಲಿ ಈರಕ್ಕ, ಚನಬಸಪ್ಪ, ಮಲಕಪ್ಪ ಮೂವರೂ ಕೂತಿದ್ದರು. ಅದು ತಪ್ಪಿದರೆ ಅರ್ಧ ದಿನ ಕಾಯಬೇಕು ಎಂದು ಚನಬಸಪ್ಪ ಎಲ್ಲರಿಗಿಂತ ಮೊದಲು ಹತ್ತಿ ಸೀಟು ಹಿಡಿದಿದ್ದ. ಈರಕ್ಕನ ತೊಡೆಯ ಮೇಲೆ ಆ ಬುಟ್ಟಿ. ಒಳಗೆ ಕಾಳಿಲ್ಲ, ಒಂದು ಬಿಳಿಯ ಅರಿವೆ ಹಾಸಿತ್ತು, ಅಷ್ಟೇ.

ದಾಂಡೇಲಿಯಲ್ಲಿ ಕಂಡಕ್ಟರು ಬಂದು, "ಯಕ್ಕಾ, ಬುಟ್ಟಿ ಮ್ಯಾಲೆ ಹಾಕಸ್ರಿ, ಮಂದಿಗೆ ಕಾಲಿಡಾಕ ಜಾಗ ಇಲ್ಲ," ಎಂದ.

"ಮ್ಯಾಲೆ ಹಾಕೂ ಬುಟ್ಟಿ ಅಲ್ಲಪ್ಪಾ ಇದು."

"ಖಾಲಿ ಐತಲ್ರಿ!"

ಈರಕ್ಕ ಮಲಕಪ್ಪನ ಮುಖ ನೋಡಿದಳು. ಮಲಕಪ್ಪ ಮೀಸೆಯಲ್ಲೇ ನಕ್ಕ. ಖಾಲಿ ಎಂದು ಅವನೂ ಒಮ್ಮೆ ಹೇಳಿದ್ದ.

ಬಸಲಿಂಗವ್ವ ಗಾಡಿ ಇಳಿದಿದ್ದ ಕಾಳಿ ಹೊಳೆಯ ಸೇತುವೆಗೆ ಬಸ್ಸು ಏರಿತು. ಈರಕ್ಕ ಅರಿವೆ ಸರಿಸಿ, ಬುಟ್ಟಿಯ ಬಾಯನ್ನು ಕಿಟಕಿಯ ಕಡೆಗೆ ವಾಲಿಸಿ ಹಿಡಿದಳು. ಕೆಳಗೆ ನೀರು ಹರಿಯುತ್ತಿತ್ತು. ಆಚೆಯ ದಂಡೆಯ ಕಾಡು ಹತ್ತಿರ ಬರುವತನಕ ಅವಳು ಹಾಗೇ ಹಿಡಿದುಕೊಂಡಿದ್ದಳು.